ಗಡ್ಡೆಗೂ ಒಂದು ಕಿವಿ

ಹರೇದಲ್ಲಿ ಮಿಡಿಗೇಶಿ ಕೋಟೆಯಿಂದ ಚಿರತೇನ ಬಾಲ ಹಿಡಿದು ಕೆಳಗಿಳಿಸಿದವನು ನಾನು. ಕಣ್ಣಾರೆ ಕಂಡೋರು ರುದ್ರಯ್ಯ, ಸಣ್ಣರಂಗಯ್ಯ ಇಬ್ಬರೇ. ಇಬ್ಬರೂ ಮಣ್ಣಾದ್ರು. ಅಂಥಾ ನನಗೂ ಆ ಆಲದಮರದ ಬಾವಿ ಅಂದ್ರೆ ಮೈ ಜುಂ ಅಂತದೆ. ಬತ್ತಿ ಹತ್ತು ವರ್ಷ ಆಯ್ತು. ಮೇಲೆ ಕಲ್ಲುಚಪ್ಪಡಿ ಮುಚ್ಚವ್ರೆ. ಆದ್ರೂ…

ನಮ್ಮ ಪಕ್ಕದ ಮನೆ ಕೆಂಪಕ್ಕನಿಗೆ ಆದದ್ದು ಇದು. ಗಂಡ ಇಲ್ಲ, ಮಕ್ಕಳಿಲ್ಲ. ಇಪ್ಪತ್ತು ಕುರಿ, ಒಂದು ಕಂಬಳಿ, ಅಷ್ಟೆ. ಹೋದ ವರ್ಷ ಕಿಬ್ಬೊಟ್ಟೇಲಿ ಗಡ್ಡೆ ಕೈಗೆ ಸಿಕ್ತು. ತುಮಕೂರಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಅಂಡಾಶಯದ ಕ್ಯಾನ್ಸರ್ ಇದ್ದಂಗಿದೆ. ಸೋಮವಾರ ಆಪರೇಷನ್. ಜೊತೆಗೆ ಯಾರಿದ್ದಾರೆ?" ಅಂದ್ರಂತೆ.

"ಯಾರೂ ಇಲ್ಲ ಕಣಮ್ಮ."

ಕೊನೆ ಬಸ್ಸಿಳಿದು ಒಬ್ಬಳೇ ಬತ್ತಿದ್ಲು. ಆಪರೇಷನ್ನೂ ಬ್ಯಾಡ, ಏನೂ ಬ್ಯಾಡ, ಕುರಿ ಹಟ್ಟೀಲೇ ಸತ್ರಾಯ್ತು ಅಂದ್ಕಂಡಿದ್ಲು. ಆಲದ ಹತ್ರ ಬಂದ್ರೆ… ಕಿರ್ರ್… ಕಿರ್ರ್… ರಾಟೆ ಸದ್ದು. ಆಮೇಲೆ ಕೊಡ ನೀರಿಗೆ ಬಿತ್ತು. ಗುಳುಂ.

ಬಾವಿಕಟ್ಟೆ ಮೇಲೆ ಒಬ್ಳು ಹೆಂಗಸು. ಹೊಟ್ಟೆ ಮೇಲೆ ಎರಡೂ ಕೈ. ಚಳಿಗೆ ಹಲ್ಲು ಕಟಕಟ ಅಂತಿದ್ವು.

"ನಿಂಗೂ ಅಂಡಾಶಯ ಅಂದ್ರಾ ಅಕ್ಕ?" ಪಿಸುಗುಟ್ಟಿದ್ಲು.

"ಹೂಂ… ನೀನ್ಯಾರವ್ವ?"

"ನಂಗೂ ಅದೇ ಅಂದ್ರು. ಅದಾಗಿರ್ಲಿಲ್ಲ. ಜೊತೇಲಿ ಕೇಳೋರು ಯಾರೂ ಇರ್ಲಿಲ್ಲ…" ಕೆಂಪಕ್ಕನ ಕಂಬಳಿ ಕಡೆ ನೋಡಿದ್ಲು. "ಬ್ಯಾರೆ ಮಂದೇಲಿ ಸೇರ್ಕಂಡ ಕುರೀನ ಹೆಂಗೆ ಗುರ್ತು ಹಿಡೀತೀಯ?"

"ಕಿವಿ ಕತ್ತರಿಸಿದ ಗುರ್ತು ನೋಡ್ಕಂಡು."

"ಹಂಗೇ ಆ ಗಡ್ಡೆ ಕಿವೀನೂ ನೋಡ್ಸು…"

ಕೆಂಪಕ್ಕ ತನ್ನ ಕಂಬಳಿ ಅವಳಿಗೆ ಹೊದಿಸಿ, ಹಿಂದಕ್ಕೆ ತಿರುಗಿ ನೋಡದಂಗೆ ಬಂದ್ಬುಟ್ಲು.

ಸೋಮವಾರ ಹೋಗಿ, "ಕೊಯ್ಯೋ ಮುಂಚೆ ಗಡ್ಡೆ ಕಿವಿ ನೋಡ್ರವ್ವ. ನಿಂತಿರೋ ಮಂದೆ ಒಂದು, ಹುಟ್ಟಿದ ಮಂದೆ ಒಂದು ಇರ್ಬೋದು" ಅಂದ್ಲು. ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಸಿ ಸ್ಕ್ಯಾನ್ ಇನ್ನೊಂದ್ಸಲ ನೋಡಿದ್ರು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ಅಪರೂಪದ ಗಡ್ಡೆಯಂತೆ! ಕರುಳಿನ ಗೋಡೇಲಿ ಹುಟ್ಟಿ ಅಂಡಾಶಯಕ್ಕೆ ಒರಗಿತ್ತಂತೆ. ಅದಕ್ಕೆ ಮಾತ್ರೇನೇ ಬ್ಯಾರೆ. ಈಗ ಗಡ್ಡೆ ಕುಗ್ಗೈತೆ. ಕೆಂಪಕ್ಕ ಕುರಿ ಮೇಯಿಸ್ತವ್ಳೆ.

ಆ ರಾತ್ರಿ ಕಳೆದ ಮಾರನೇ ದಿನ ಕಂಬಳಿ ಹುಡುಕಕ್ಕೆ ಬಾವಿ ಹತ್ರ ಹೋದವನು ನಾನೇ. ಒಬ್ಬನೇ ಚಪ್ಪಡಿ ಸರಿಸಿ ಬಗ್ಗಿ ನೋಡಿದೆ. ಬಾವಿ ತಳದಲ್ಲಿ… ನೀಟಾಗಿ ಮಡಿಸಿ ಇಟ್ಟಂಗಿತ್ತು.

"ಲೇ ತಾತ," ಅಂದ್ಲು ಕತೆ ಕೇಳ್ತಿದ್ದ ಮೊಮ್ಮಗಳು ಚಿತ್ರಾ, "ಆ ಚಪ್ಪಡಿ ಎತ್ತಿ ಇಡಕ್ಕೆ ಜೆಸಿಬಿ ಬಂದಿತ್ತು. ನೀನೊಬ್ನೇ ಹೆಂಗೆ ಸರಿಸ್ದೆ?"

ನಾನು ಮೀಸೆ ತಿರುವಿದೆ.

"ಹೋಗ್ಲಿ, ಸರಿಸಿದ್ದು ನಾನಲ್ಲ ಅನ್ಕೊ. ಕಂಬಳಿ ಒದ್ದೆ ಇದ್ದದ್ದು ಮಾತ್ರ ದಿಟ ಕಣವ್ವ."