ನಿಲ್ಲಿಸಿದವನೇ ಬಿಡಬೇಕು

ಮುಂಬೈಯ ವಡಾಲದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮಧ್ಯಾಹ್ನ ಯಾವಾಗ ಮುಗಿಯಿತು, ಸಂಜೆ ಯಾವಾಗ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಅವತ್ತು ಹಾರ್ಬರ್ ಲೈನಿನ ಲೋಕಲ್‌ಗಳು ನಿಂತುಹೋಗಿದ್ದವು. ನೈಟ್ ಸ್ಕೂಲಿಗೆ ಪಾಠ ಹೇಳಲು ಹೊರಟಿದ್ದ ನಾನು ಸ್ಟೇಷನ್ನಿನಿಂದ ಹಿಂದಿರುಗಿ ಸೋಮವ್ವನ ಖಾನಾವಳಿಗೆ ಬಂದು ಕುಳಿತೆ. ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಬೀಳುತ್ತಿತ್ತು. ಒಳಗೆ ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿತ್ತು. ಬಾಗಿಲ ಬದಿಯ ಬೆಂಚಿನಲ್ಲಿ ಸೋಮವ್ವನ ಗಂಡ ಗುರಲಿಂಗಪ್ಪನವರು ಕಾಲು ಮಡಚಿ, ಹೊಲದ ಬದುವಿನ ಮೇಲೆ ಕೂತವರ ಹಾಗೆ ಕೂತಿದ್ದರು. ಅರ್ಧ ಆಯುಷ್ಯ ನೀರಿನ ಟ್ಯಾಂಕರ್ ಓಡಿಸಿ, ಈಗ ಏನನ್ನೂ ಓಡಿಸದೆ, ಬೀಳುವ ಮಳೆಯನ್ನು ನೋಡುತ್ತ ಸುಖವಾಗಿರುವ ಮನುಷ್ಯ.

ಪಕ್ಕದ ಬಿಲ್ಡಿಂಗಿನ ನಿಖಿತಾ ಕೊಡೆ ಮಡಚುತ್ತ ಒಳಗೆ ಬಂದಳು. ಅವಳ ಅಪ್ಪ ಅಮ್ಮ ಉಡುಪಿ ಕಡೆಯವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ರೊಟ್ಟಿ ಪಾರ್ಸೆಲ್ ಹೇಳಿದಳು, ಆದರೆ ಅವಳು ಬಂದದ್ದು ರೊಟ್ಟಿಗಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ಅಜ್ಜಾ, ಸ್ಕೂಲ್ ವ್ಯಾನಿನ ಯಲ್ಲಾಲಿಂಗ ನಿಮ್ಮ ಊರಿನವರಲ್ವಾ? ನಂಗೆ ನಾಳೆಯಿಂದ ಗೋರೆಗಾಂವ್ ಆಫೀಸು. ಮಗಳು ಶ್ರಾವ್ಯಾನ ಅವರ ವ್ಯಾನಲ್ಲೇ ಕಳಿಸ್ಬೇಕು. ಬಿಲ್ಡಿಂಗಲ್ಲಿ ಏನೇನೋ ಹೇಳ್ತಾರೆ. ಒಮ್ಮೆ ರಾಡ್ ಇಟ್ಕೊಂಡು ಕಾರಿನವನ ಪೀಛೇ ಹೋಗಿದ್ರಂತೆ, ಮಕ್ಕಳು ಒಳಗಿರುವಾಗಲೇ! ಸಚ್ ಹೇಳಿ ನಾ. ಸೇಫ್ ಉಂಟಾ, ಇಲ್ವಾ?"

"ಖರೇನ ಅದ," ಎಂದರು ಗುರಲಿಂಗಪ್ಪನವರು.

ನಿಖಿತಾಳ ಮುಖ ಸಣ್ಣದಾಯಿತು. ಒಲೆಯ ಮುಂದಿನಿಂದ ಸೋಮವ್ವ ಕೂಗಿದಳು: "ಅರ್ಧಾ ಹೇಳಿ ಆ ಹುಡುಗಿ ಜೀವಾ ಯಾಕ ತಿಂತೀರಿ? ಹೇಳಿದ್ರ ಪೂರಾ ಹೇಳ್ರಿ, ಇಲ್ಲಾಂದ್ರ ಸುಮ್ಕ ಕೂಡ್ರಿ."

"ಹೇಳ್ತೀನೇಳು... ಕೂಡು ತಂಗಿ. ಮಾಸ್ತರ, ನೀವೂ ಈ ಕಡೆ ಸರೀರಿ, ಅಲ್ಲಿ ಸೋರ್ತದ," ಎಂದು ಅವರು ಶುರು ಮಾಡಿದರು.

"ಯಲ್ಲಾಲಿಂಗನ ಅಪ್ಪ ಶರಣು ಅಂತ. ನನ್ನ ಟ್ಯಾಂಕರಿನ ಕ್ಲೀನರ್. ಇಬ್ರೂ ಇಂಡಿ ಕಡಿಯಾವ್ರು, ಒಂದ ಊರು. ಊರಾಗ ಅಂವ ಎತ್ತು ಹೊಡೀತಿದ್ದ, ಇಲ್ಲಿ ಬಂದು ಟ್ಯಾಂಕರ್ ಹೊಡಸ್ತಿದ್ದ... ಹೌದು, ಅಂವನ ಹೊಡಸ್ತಿದ್ದ ಅನಬೇಕು, ಸ್ಟೇರಿಂಗ್ ನನ್ನ ಕೈಯಾಗಿದ್ರ ಏನಾತು? ಈ ಚಾಳಿನ ಗಲ್ಲಿಯೊಳಗ, ಆ ಕಡೆ ಸ್ಕೂಟರ್, ಈ ಕಡೆ ಸ್ಕೂಟರ್, ನಡುವ ಆಡೂ ಮಕ್ಕಳು, ಟ್ಯಾಂಕರ್ ರಿವರ್ಸ್ ಒಯ್ಯೂದು ಕನ್ನಡಿ ನೋಡಿ ಆಗೂ ಕೆಲಸೇನು? ಹಿಂದ ನಿಂತಾಂವ ಟ್ಯಾಂಕಿನ ಮೈ ಬಡೀತಾನ. ಒಂದ ಬಡಿತ ಬಿತ್ತಂದ್ರ ನಿಲ್ಲು. ಎರಡು ಬಿದ್ವಂದ್ರ ಹೋಗು. ಮತ್ತ ನಮ್ಮ ಲೈನಿನ್ಯಾಗ ಒಂದು ಕಟ್ಟು ಅದ ತಂಗಿ, ನಿಲ್ಲಿಸಿದಾಂವನ ಬಿಡಬೇಕು. ಒಬ್ಬ ನಿಲ್ಲಿಸಿದ ಗಾಡಿನ ಇನ್ನೊಬ್ಬ ಬಿಡಂಗಿಲ್ಲ. ಯಾಕಂದ್ರ... ಯಾಕ ನಿಲ್ಲಿಸಿದ್ದ ಅನ್ನೂದು ಅವಗಷ್ಟ ಗೊತ್ತಿರ್ತದ. ಗಾಲಿ ಬುಡಕ ಕೂಸಿರಬಹುದು, ನಾಯಿಮರಿ ಇರಬಹುದು. ಮಾಲಕ ಬಂದು ಹೋಗಂದ್ರೂ, ಪೊಲೀಸ ಬಂದು ಹೋಗಂದ್ರೂ, ಡ್ರೈವರನ ಕಾಲು ಬ್ರೇಕಿನ ಮ್ಯಾಲಿಂದ ಏಳಬಾರ್ದು.

"ಯಲ್ಲಾಲಿಂಗ ಸಣ್ಣಾಂವಿದ್ದಾಗಿಂದ ನನ್ನ ಬಾಜೂಕ ಕೂತು ಬರ್ತಿದ್ದ. ಹಿಂದ ಅಪ್ಪನ ಕೈ ಬಡೀತಂದ್ರ, ಬ್ರೇಕಿಲ್ಲದ ಕಡೆ ಕೂತಿದ್ರೂ, ಅವನ ಪುಟ್ಟ ಕಾಲು ಕೆಳಗ ಒತ್ತತಿತ್ತು. ನಗು ಬರ್ತಿತ್ತು ನಮಗ.

"ಒಂದಿನ ಇದ ನಮೂನಿ ಮಳಿ. ನಾಲಾ ಹತ್ರ ತಿರುವು ಅದಲ್ಲ, ಅಲ್ಲೆ ರಿವರ್ಸ್ ತಗೋಳಾಕತ್ತಿದ್ನಿ. ಶರಣೂನ ಒಂದ ಕೈ ಟ್ಯಾಂಕಿನ ಮ್ಯಾಲ, ಇನ್ನೊಂದ ಕೈ ಮ್ಯಾಲೆತ್ತಿ, ಬರೂ ಗಾಡಿ ತಡದು ನಿಂತಾನ. ಧಪ್ ಅಂತ ಒಂದ ಬಡಿತ ಬಿತ್ತು. ನಿಂತ್ನಿ. ಇನ್ನೇನು ಎರಡು ಬೀಳ್ತಾವಂತ ಕಾದ್ನಿ... ಬರೇ ಮಳಿ ಸಪ್ಪಳ. ಯಾರೋ ಚೀರಿದ್ರು. ನಾ ಇನ್ನೂ ಬ್ರೇಕ್ ಒತ್ಕೊಂಡ ಕೂತೀನಿ... ಕಾರಿನಾಂವ ಮೊಬೈಲ್ ನೋಡಕೋತ ಬಂದಿದ್ದನಂತ. ಎತ್ತಿದ ಕೈ ಕಾಣಲಿಲ್ಲ ಅವಗ. ಹೊಡದು, ತಿರುಗಿಸ್ಕೊಂಡು ಹೋಗೇಬಿಟ್ಟ. ಇವತ್ತಿಗೂ ಸಿಕ್ಕಿಲ್ಲ. ಶರಣೂನ ಊರಿಗೆ ಒಯ್ದು ಮಣ್ಣು ಮಾಡಿ ಬಂದ್ವಿ. ಟ್ಯಾಂಕರ್ ಯಾರೋ ಬ್ಯಾರೆ ಡ್ರೈವರ್ ಬಂದು ತಗೊಂಡು ಹೋದ. ಎಲ್ಲಾ ಆತು. ಆದ್ರ ಬಿಡಬೇಕಾದಾಂವ ಬಿಟ್ಟಿರಲಿಲ್ಲ ನೋಡ್ರಿ ಮಾಸ್ತರ... ಹಂಗ ಉಳೀತದು."

ಗುರಲಿಂಗಪ್ಪನವರು ಸೋರುವ ಕಡೆಯಿಂದ ಇನ್ನಷ್ಟು ಸರಿದು ಕೂತರು. ಮೇಜಿನ ಮೇಲಿದ್ದ ನಿಖಿತಾಳ ಫೋನು ನಡುಗಿತು. ಅವಳು ಅತ್ತ ನೋಡಲಿಲ್ಲ.

"ಯಲ್ಲಾಲಿಂಗ ದೊಡ್ಡಾಂವಾಗಿ ಸಾಲಿ ವ್ಯಾನ್ ಹಿಡದ. ಮಕ್ಕಳಂದ್ರ ಜೀವಾ. ಆದ್ರ ಸ್ಟೇರಿಂಗ್ ಹಿಡದು ಮೊಬೈಲ್ ನೋಡಾವ್ರ ಕಂಡ್ರ ಮೈಯಾಗ ಏನು ಹೊಗತಿತ್ತೋ! ಅಡ್ಡಗಟ್ಟತಿದ್ದ, ಕೊಳ್ಳಪಟ್ಟಿ ಹಿಡೀತಿದ್ದ. ಒಬ್ಬೊಬ್ಬಾಂವನೂ ಅವಗ ಅಪ್ಪನ್ನ ಕೊಂದಾಂವನ ಹಂಗ ಕಾಣ್ತಿದ್ದ. ಕಡೀಕ ಸೀಟಿನ ಬುಡಕ ರಾಡ್ ತಂದಿಟ್ಟ. ಇಕಿ ಅವಗ ಬೈದಿದ್ದ ಬೈದಿದ್ದು."

"ಬೈಲಾರ್ದ ಮತ್ತ?" ಎಂದಳು ಸೋಮವ್ವ. "ಒಬ್ಬನ ತಲಿ ಒಡದು ನೀ ಜೇಲಿಗೆ ಹೋದಿ ಅಂದ್ರ ನಿಮ್ಮಪ್ಪ ಎದ್ದು ಬರ್ತಾನೇನೋ ಅಂದಿದ್ನಿ."

"ಬಂದ್ನಲ್ಲ!" ಎಂದು ಗುರಲಿಂಗಪ್ಪನವರು ನಕ್ಕರು. "ಆಗಿದ್ದು ಹಿಂಗ. ಮಧ್ಯಾಹ್ನ ಸಾಲಿ ಬಿಟ್ಟಿತ್ತು, ಮಳಿ ಹೊಡೀತಿತ್ತು. ಬಿಳೇ ಕಾರಿನಾಂವೊಬ್ಬ, ಕಿವಿಗೆ ಫೋನು, ವಾಲಿಕೋತ ಬಂದು ಇವನ ವ್ಯಾನಿನ ಕನ್ನಡಿ ಮುರದು, ತಿರುಗಿನೂ ನೋಡದ ಹೋದ."

"ವ್ಯಾನಲ್ಲಿ ಮಕ್ಕಳಿದ್ರಾ?" ನಿಖಿತಾ ಕೇಳಿದಳು.

"ಇದ್ವು. ಕೊನೀ ಸ್ಟಾಪಿನ ಎರಡು ಕೂಸು. ಅವು ಅದಾವ ಅನ್ನೂದ ಮರತ. ಬೆನ್ನ ಹತ್ತಿದ. ಒಂದ ಕೈ ಸ್ಟೇರಿಂಗ್ ಮ್ಯಾಲ, ಇನ್ನೊಂದ ಕೈಯಾಗ... ಏನಿತ್ತು ಹೇಳು ತಂಗಿ? ಮೊಬೈಲ್! ಆ ಕಾರಿನಾಂವನ ವಿಡಿಯೋ ಮಾಡಾಕತ್ತಿದ್ದ. ನಂಬರ್ ತಗದು ಊರಿಗೆಲ್ಲ ತೋರಸ್ತೀನಿ ಮಗನ ಅಂತ. ಕಣ್ಣು ರಸ್ತೆದ ಮ್ಯಾಲಿಲ್ಲ, ಅಂಗೈಯಗಲ ಗಾಜಿನ್ಯಾಗ. ಅಪ್ಪನ್ನ ಕೊಂದಾಂವ ಅವತ್ತ ಹೆಂಗ ಬಂದಿದ್ನೋ, ಮಗಾ ಹಂಗ ಹೊಂಟಿದ್ದ... ಅದ ನಾಲಾ, ಅದ ತಿರುವು. ಮುಂದ ಯಾವುದೋ ಟ್ಯಾಂಕರ್ ರಿವರ್ಸ್ ಬರಾಕತ್ತದ. ಹಿಂದ ಅದರ ಕ್ಲೀನರ್, ಎತ್ತಿದ ಕೈ...

"ಧಪ್!

"ವ್ಯಾನಿನ ಮೈಮ್ಯಾಲ ಒಂದ ಬಡಿತ. ತಲಿ ವಿಚಾರ ಮಾಡೂದ್ರೊಳಗ ಕಾಲು ಬ್ರೇಕ್ ಒತ್ತಿತ್ತು. ಸಣ್ಣಾಂವಿದ್ದಾಗಿನ ರೂಢಿ ಅದು, ಹೋಗ್ತದೇನು? ಬಂಪರ್ ಹೋಗಿ ಆ ಕ್ಲೀನರನ ಪ್ಯಾಂಟಿಗೆ ತಾಗಿ ನಿಂತಿತು. ಪ್ಯಾಂಟಿಗೆ ಅಷ್ಟ.

"ಅಂವಗೇನೂ ಆಗಿರಲಿಲ್ಲ. ಕೂಸುಗಳು ಅಳಾಕತ್ತಿದ್ವು, ಗಾಯಿಲ್ಲ. ಬಿಳೇ ಕಾರು ಹೋಗೇಬಿಟ್ಟಿತ್ತು, ಹೋಗ್ಲಿ. ಆದ್ರ ಯಲ್ಲಾಲಿಂಗ ಗಾಡಿ ಮುಂದ ಒಯ್ಯಲೊಲ್ಲ! ಹಿಂದ ಹಾರ್ನೋ ಹಾರ್ನು. 'ಅರೆ ಓ ಮಾಮೂ, ಗಾಡಿ ನಿಕಾಲ್!' ಅಂತ ಒಬ್ಬ, 'ಝೋಪಲಾ ಕಾ ರೇ?', ಮಲಗೀ ಏನೋ ಅಂತ ಇನ್ನೊಬ್ಬ. ಇಂವ ಬ್ರೇಕ್ ಒತ್ಕೊಂಡ ಕೂತಾನ. ಆ ಕ್ಲೀನರ್ ನಮ್ಮ ಪೈಕಿ ಹುಡುಗನ, ಓಡಿ ಬಂದು ನನ್ನ ಕರದ. ಕೊಡಿ ಹಿಡಕೊಂಡು ಹೋದ್ನಿ.

"'ಕಾಕಾ, ಅಪ್ಪ ನಿಲ್ಲಿಸ್ಯಾನ,' ಅಂದ. 'ಬಿಡವಲ್ಲ.'

"ಸುತ್ತ ಹಾಕಿ ನೋಡಿದ್ನಿ. ಯಾರಿಲ್ಲ. ಆದ್ರ ಮಾಸ್ತರ, ಆ ಜಡಿಮಳಿಯಾಗ ವ್ಯಾನಿನ ಮೈಮ್ಯಾಲ ನೀರು ಹರಿಯಾಕತ್ತಿತ್ತಲ್ಲ, ಒಂದ ಕಡೆ ಮಾತ್ರ ಸೀಳಿ, ಆ ಬಾಜೂಕ ಈ ಬಾಜೂಕ ಇಳೀತಿತ್ತು. ನಡುವ ಒಣಾ ಜಾಗಾ. ಅಂಗೈಯಷ್ಟು... ಐದು ಬಟ್ಟು.

"ನನಗ ಅಂಜಿಕಿ ಬರಲಿಲ್ಲ ನೋಡ್ರಿ. ಶರಣೂನ ಕೈ ನನಗ ಗೊತ್ತಿಲ್ಲೇನು? 'ಕೈಯಾಗೇನದೋ?' ಅಂತ ಹುಡುಗನ್ನ ಕೇಳಿದ್ನಿ. ಮೊಬೈಲ್ ಇನ್ನೂ ವಿಡಿಯೋ ತಗೀತಾನ ಇತ್ತು. 'ಅಪ್ಪ ನಿಲ್ಲಿಸಿದ್ದು ಆ ಕಾರಿನಾಂವನ್ನಲ್ಲೋ, ನಿನ್ನ,' ಅಂದ್ನಿ. ಅಂವ ನನ್ನ ಮಾರಿ ನೋಡಿದ. ಮೊಬೈಲ್ ಬಂದ್ ಮಾಡಿ ನನ್ನ ಕೈಯಾಗಿಟ್ಟ. ಬಗ್ಗಿ ಸೀಟಿನ ಬುಡಕಿನ ರಾಡ್ ತಗದ, ಅದನ್ನೂ ಕೊಟ್ಟ. ಮತ್ತ ಸಣ್ಣ ಹುಡುಗರ ಗತೆ ಅತ್ತ. ಅಪ್ಪ ಸತ್ತಾಗ ಅತ್ತಿರಲಿಲ್ಲ ಅಂವ. ಅಳು ನಿಂತ ಮ್ಯಾಲ...

"ಧಪ್, ಧಪ್.

"ಎಷ್ಟು ಹಗೂರ ಅಂತೀರಿ! ಉಳಿಮಿ ಮುಗದ ಮ್ಯಾಲ ಎತ್ತಿನ ಬೆನ್ನ ತಟ್ಟತೀವಲ್ಲ, ಹಂಗ. ವ್ಯಾನ್ ಸರೀತು. ಮತ್ತ ಕೇಳ್ರಿ, ಬರಿಗಾಲಿಲೆ ರಸ್ತೆದಾಗ ನಿಂತಿದ್ದ ನನ್ನ ಕಾಲೂ, ಎಷ್ಟೋ ವರ್ಷದಿಂದ ಒತ್ಕೊಂಡಿದ್ದ ಬ್ರೇಕ್ ಬಿಟ್ಟಂಗಾತು. ಅವತ್ತ ರಾತ್ರಿ ಹಾಯಾಗಿ ನಿದ್ದಿ ಮಾಡಿದ್ನಿ."

"ಗೊರಕಿ ಹೊಡದ್ರಿ," ಎಂದಳು ಸೋಮವ್ವ, ರೊಟ್ಟಿಯ ಪಾರ್ಸೆಲ್ ತಂದು ನಿಖಿತಾಳ ಮುಂದಿಡುತ್ತ. "ಚಟ್ನಿ ಒಳಗ ಅದ ಯವ್ವಾ."

ನಿಖಿತಾ ಪಾರ್ಸೆಲ್ ಮುಟ್ಟಲಿಲ್ಲ. "ಆಮೇಲೆ? ಮತ್ತೆ ಜಗಳ ಮಾಡ್ಲಿಲ್ವಾ ಅವರು?"

"ಇಲ್ಲ. ಯಾರರೆ ಅಡ್ಡ ಬಂದ್ರ, ಹೋಗಪ್ಪಾ ಹೋಗು ಅಂತ ದಾರಿ ಬಿಡ್ತಾನ. ವ್ಯಾನ್ ಶುರು ಮಾಡೂಕಿಂತ ಮೊದಲ ಫೋನು ಡಬ್ಬಿಯೊಳಗ."

"ಹಾಗಾದ್ರೆ ಕಳಿಸ್ಲಾ ಅಜ್ಜಾ?"

"ಬೇಫಿಕರ್ ಕಳಸು. ಇಡೀ ಮುಂಬೈದಾಗ ಅಂಥ ವ್ಯಾನ್ ಇನ್ನೊಂದಿಲ್ಲ." ಗುರಲಿಂಗಪ್ಪನವರು ಮಡಚಿದ ಕಾಲನ್ನು ಬಿಡಿಸಿ, ಚಪ್ಪಲಿಗಾಗಿ ತಡಕುತ್ತ, ಮಾತಿಗೆ ಮಾತು ಸೇರಿಸುವ ಹಾಗೆ ಹೇಳಿದರು: "ಒಂದು ಮಾತು ಅಷ್ಟ, ತಂಗಿ. ಯಲ್ಲಾಲಿಂಗ ವ್ಯಾನಿಗೆ ಕ್ಲೀನರ್ ಇಟ್ಟಿಲ್ಲ, ಒಬ್ಬಾಂವನ ಬರ್ತಾನ. ನಾಳೆ ಸಂಜೀಕ ನಿನ್ನ ಮಗಳು ಮನಿಗೆ ಬಂದು, ಮೆಟ್ಟಲಾ ಎತ್ತರಿತ್ತಂತ ವ್ಯಾನಿನ ಹಿಂದ ನಿಂತಿದ್ದ ಕ್ಲೀನರ್ ಮಾಮಾ ನನ್ನ ಎತ್ತಿ ಕೂಡ್ರಿಸಿದಾ ಅಂದ್ರ... ಸುಳ್ಳ ಹೇಳ್ತೀ ಅಂತ ಬೈಬ್ಯಾಡ. ಉಳಿದ ಮಕ್ಕಳ ತಾಯಂದ್ರೂ ಈಗ ಬೈಯೂದು ಬಿಟ್ಟಾರ."