ದೊಡ್ಡವರ ಬಾಟ್ಲಿ

ಓದುಗರೇ, ನಿಜವೋ ಸುಳ್ಳೋ ನೋಡದೆ ನೀವು ಹತ್ತು ಮಂದಿಗೆ ದಾಟಿಸಿದ ಸಂದೇಶ ಕೊನೆಗೆ ಯಾರ ಮನೆ ಸೇರಿತೆಂದು ಎಂದಾದರೂ ವಿಚಾರಿಸಿದ್ದೀರಾ? ನಿನ್ನೆ ದಾದರಿನಲ್ಲಿ, ಕೊರೊನಾ ಲಸಿಕೆಯ ಸರದಿಯಲ್ಲಿ, ನನ್ನ ಮುಂದೆ ಒಬ್ಬ ಅಕ್ಕ, ಒಬ್ಬ ತಮ್ಮ ನಿಂತಿದ್ದರು. ಅಕ್ಕ ನಾಗವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು, ದಮ್ಮಿನ ಕಾಯಿಲೆಯವರು.

“ನಡಿ ಕಾಶಪ್ಪಾ, ಹೋಗೂಣು. ನಮಗ ಚುಚ್ಚೂದು ಬರೇ ನೀರಂತ.”

“ಯಾರಂದ್ರಬೇ ಅಕ್ಕಾ?”

“ನಮ್ಮ ಸಂಘದ ಅಧ್ಯಕ್ಷರು ವಾಟ್ಸಾಪ್‌ನಾಗ ಹಾಕ್ಯಾರ. ಖರೇ ಔಷಧ ಎಲ್ಲಾ ಪವಾಯಿ ಕಡೆ ದೊಡ್ಡ ಬಿಲ್ಡಿಂಗಿನ ಸಾಹೇಬರಿಗಂತ.”

“ಅಧ್ಯಕ್ಷರು ಮೊನ್ನೆ ಇಲ್ಲೇ ಲಸಿಕೆ ಹಾಕಿಸ್ಕೊಂಡ್ರಲ್ಲ! ಶಾಲು ಹೊದ್ದು ಫೋಟೋನೂ ತಗಿಸ್ಕೊಂಡ್ರು.”

“ಅವರು ದೊಡ್ಡವರಪಾ. ಅವರಿಗೆ ಬ್ಯಾರೆ ಬಾಟ್ಲಿ ತಗದಿಟ್ಟಿರತಾರ.”

“ಮೊದಲ ದಮ್ಮು ಹತ್ತತೈತಿ ನಿನಗ. ಜಡ್ಡು ಬಂದ್ರ ಉಳೀತೀಯೇನು?”

“ನೀರು ಚುಚ್ಚಿಸ್ಕೊಂಡ್ರ ಉಳೀತೀನೇನು?”

ಒಳಗಿನಿಂದ ನರ್ಸ್ ನಾಗವ್ವನವರ ಹೆಸರು ಕೂಗಿದರು. ಅವರು ಸೆರಗನ್ನು ಮೂಗಿಗೊತ್ತಿಕೊಂಡು ಸ್ಟೇಷನ್ನಿನತ್ತ ನಡೆದೇಬಿಟ್ಟರು. ತಮ್ಮ ಕೂಗುತ್ತ ಹಿಂದೆಯೇ ಹೋದ.

ಆ ಸಂದೇಶ ನಿಮ್ಮ ಕೈಯಿಂದಲೂ ದಾಟಿದ್ದರೆ, ಅಳಿಸಿ ಸುಮ್ಮನಾಗಬೇಡಿ. ನೀವು ಯಾರಿಗೆ ಕಳುಹಿಸಿದಿರೋ ಅವರ ಬಾಗಿಲಿಗೆ ಇಂದೇ ಹೋಗಿ, ‘ನಾನು ಕಳಿಸಿದ್ದು ಸುಳ್ಳು’ ಎಂದು ಬಾಯಿಬಿಟ್ಟು ಹೇಳಿ. ಕೈಹಿಡಿದು ಸರದಿಗೆ ಕರೆತನ್ನಿ.