ಬೀರುವಿನಲ್ಲಿ ಎರಡು ಗಾಂಜಾ ಗಿಡ

ಚಿಕ್ಕಂದಿನಲ್ಲಿ ಅಜ್ಜಿ ಕೋಳಿ ಸಾರಿಗೆ ಹಾಕುತ್ತಿದ್ದ ಗಾಂಜಾ ಎಲೆಯ ಹಸಿ ಘಮ ಸಾಯ್‌ಸುನೀ ಟೀಚರಿಗೆ ಈ ವಯಸ್ಸಿನಲ್ಲೂ ನೆನಪಿತ್ತು. ತ್ರಾಂಗ್ ಪಟ್ಟಣದ ಆಸ್ಪತ್ರೆಯಲ್ಲಿ ಔಷಧಿಗೆ ಕಾಯುತ್ತಿದ್ದಾಗ ಅದೇ ಘಮ ಮುಂದಿನ ಬೆಂಚಿನಿಂದ ಬಂತು. ಅಲ್ಲಿ ಅಕ್ಕ ತಂಗಿ ಕೂತಿದ್ದರು.

“ಮೈಯೆಲ್ಲ ಗಾಂಜಾ ನಾತ ಕಣೇ ಲಿನ್. ಬೀರುವಿನೊಳಗೆ ಎರಡು ಗಿಡ ಇಟ್ಟಿದೀಯಂತೆ?”

“ಹೂಂ ಅಕ್ಕ. ಒಳಗೆಲ್ಲ ಬೆಳ್ಳಿ ಹಾಳೆ ಅಂಟಿಸಿದೀನಿ. ಸಂತೇಲಿ ಸಿಕ್ಕ ದೀಪ, ಹಳೇ ಕಂಪ್ಯೂಟರಿನ ಫ್ಯಾನು, ಅಷ್ಟೇ.”

“ಪೊಲೀಸರು ಬಂದ್ರೆ?”

“ಬರ್ಲಿ. ಅಮ್ಮನ ನೋವನ್ನೂ ಹಿಡ್ಕೊಂಡು ಹೋಗ್ಲಿ. ಇಲ್ಲಿ ಕೊಡೋ ಮಾತ್ರೆ ನುಂಗಿ ಅವಳು ನಿದ್ದೆ ಮಾಡಿದ್ದು ನೀನು ನೋಡಿದೀಯಾ?”

ಅಕ್ಕ ತಂಗಿಯ ಹತ್ತಿರ ಸರಿದು ದನಿ ತಗ್ಗಿಸಿದಳು.

“ಔಷಧಿಗೆ ಬೇಕಾದ ಹೂ ಬಿಟ್ಟಿದೆಯಾ?”

“ಎಲ್ಲಿಂದ ಬಿಡುತ್ತೆ? ದಿನಕ್ಕೆ ಹನ್ನೆರಡು ಗಂಟೆ ಪೂರ್ತಿ ಕತ್ತಲಿರಬೇಕು. ಬೀರು ಇಟ್ಟಿರೋದು ತೀರಿಹೋದ ಹಿರಿಯರ ಪೂಜಾಪೀಠದ ಎದುರಿಗೆ. ಅಲ್ಲಿ ಹಗಲೂ ರಾತ್ರಿ ಉರಿಯೋ ಕೆಂಪು ದೀಪದ ಬೆಳಕು ಬಾಗಿಲ ಸಂದೀಲಿ ನುಗ್ಗುತ್ತೆ. ಅದಕ್ಕೇ ನಿನ್ನೆ ಆರಿಸಿಬಿಟ್ಟೆ.”

“ಅಜ್ಜನ ದೀಪಾನಾ? ನಲವತ್ತು ವರ್ಷದಿಂದ ಆರಿಲ್ಲ ಕಣೇ ಅದು! ಅಮ್ಮ ನೋಡಿದ್ರೆ?”

“ಅಮ್ಮನೇ ಆರಿಸು ಅಂದಿದ್ದು. ‘ನಮ್ಮಪ್ಪ ಕತ್ತಲಿಗೆ ಹೆದರೋನಲ್ಲ’ ಅಂದ್ಲು.”

ಅವರ ಸಂಖ್ಯೆ ಕೂಗಿದರು. ಅಕ್ಕ ಎದ್ದು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ತನ್ನ ಊಟಕ್ಕೆಂದು ಚೀಲದಲ್ಲಿ ತಂದಿದ್ದ ಒಂದೇ ಒಂದು ಬಾಳೆ ಎಲೆಯ ಅನ್ನದ ಪೊಟ್ಟಣವನ್ನು ತಂಗಿಯ ಕೈಗಿಟ್ಟು, ಔಷಧಿಯ ಕಿಟಕಿಯತ್ತ ನಡೆದಳು.